ಯಾರದ್ದು ಈ ನಗು

ಆ ದ್ವೀಪದಲ್ಲಿ ನಾನು ಮೊದಲ ಸಲ ನಕ್ಕಾಗ ಚಹಾದಂಗಡಿಯಲ್ಲಿ ಕೂತವರೆಲ್ಲ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟರು. ನಕ್ಕದ್ದು ದೊಡ್ಡ ಕಾರಣಕ್ಕೇನಲ್ಲ. ನಾನು ಮೀನು ತಿನ್ನುವವಳಲ್ಲ ಎಂದದ್ದಕ್ಕೆ ಅಂಗಡಿಯ ಫಿಲಿಪ್ಪಣ್ಣ ಬಹಳ ಯೋಚನೆ ಮಾಡಿ, "ಹಾಗಾದ್ರೆ ಸಿಗಡಿ ತಿನ್ನಿ, ಅದಕ್ಕೆ ಮುಳ್ಳಿಲ್ಲ" ಎಂದಿದ್ದ. ನನಗೆ ತಡೆಯಲಾಗಲಿಲ್ಲ. ನನ್ನ ನಗುವೂ ಸಣ್ಣದಲ್ಲ. ಮೊದಲು ಸದ್ದಿಲ್ಲದೆ ಭುಜ ಕುಣಿಯುತ್ತದೆ, ಆಮೇಲೆ ಮೂಗಿನಿಂದ ಗೊರಕೆಯಂಥದ್ದೊಂದು ಹೊರಡುತ್ತದೆ, ಅದರ ಬೆನ್ನಿಗೇ ಉಳಿದದ್ದೆಲ್ಲ ಚೀಲ ಹರಿದು ಕಡಲೆ ಚೆಲ್ಲಿದ ಹಾಗೆ ಬರುತ್ತದೆ, ಕೊನೆಗೆ ಉದ್ದನೆಯ ಒಂದು "ಹೂಂ" ಎಂದು ನಿಲ್ಲುತ್ತದೆ.

"ಯಾರದ್ದು ಇದು?" ಎಂದು ಕೇಳಿದ ಫಿಲಿಪ್ಪಣ್ಣ.

"ಯಾವುದ್ರೀ?"

"ಈ ನಗು."

"ನಂದರೀ. ಮತ್ಯಾರದು?"

"ನಕ್ಕದ್ದು ನೀವೇ, ಅದು ಹೌದು. ಆದ್ರೆ ಯಾರದ್ದು?"

ಪ್ರಶ್ನೆ ವಿಚಿತ್ರದ್ದು. ಆದರೆ ನನ್ನ ಹತ್ತಿರ ಅದಕ್ಕೆ ಉತ್ತರವಿತ್ತು, ಅದೇ ಇನ್ನೂ ವಿಚಿತ್ರ. "ನಮ್ಮ ಅವ್ವಂದು" ಎಂದೆ. 'ಹಾಗೆ ಹೇಳಿ ಮತ್ತೆ' ಎಂಬಂತೆ ಎಲ್ಲರೂ ತಲೆಯಾಡಿಸಿ ಗ್ಲಾಸು ಎತ್ತಿಕೊಂಡರು. ಮೂಲೆಯಲ್ಲಿ ನಿಂತು ಚಹಾಪುಡಿ ಕಟ್ಟಿಸಿಕೊಳ್ಳುತ್ತಿದ್ದ ಒಬ್ಬ ಹೆಂಗಸು ಮಾತ್ರ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹೊರಡುವಾಗ ಹತ್ತಿರ ಬಂದು, "ಒಬ್ರೇ ಬಂದದ್ದಾ? ಇಲ್ಲಿ ನಿಮ್ಮವರು ಯಾರೂ ಇಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದ್ರೆ ನಮ್ಮಲ್ಲಿ ಒಂದು ಕೋಣೆ ಉಂಟು, ಬನ್ನಿ" ಎಂದು ನನ್ನ ಚೀಲವನ್ನು ತಾನೇ ಹೊತ್ತುಕೊಂಡು ನಡೆದಳು. ಅವಳೇ ವಾರಿಜಕ್ಕ.

ನಾನು ಕಸ್ತೂರಿ, ಗದಗಿನವಳು. ಕುಪ್ಪಸ ಹೊಲಿಯುವುದು ನನ್ನ ಕೆಲಸ. ಗಂಡ ಮಕ್ಕಳು ಎಂಬ ಗೋಜಿಲ್ಲ, ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ ಇದ್ದೆವು. ಅವ್ವ ತೀರಿಕೊಂಡ ಮೇಲೆ ಒಂದು ದಿನ ಮಷೀನಿನ ಮುಂದೆ ಕೂತವಳಿಗೆ ಪೆಡಲ್ ತುಳಿಯಲು ಕಾಲೇ ಏಳಲಿಲ್ಲ. ಅಂಗಡಿಗೆ ಬೀಗ ಜಡಿದು, ಯಾರೋ ಗಿರಾಕಿ ಹೊಗಳಿದ್ದ ಈ ದ್ವೀಪಕ್ಕೆ ನಾಲ್ಕು ದಿನ ಸುಮ್ಮನೆ ಬಿದ್ದಿರೋಣ ಎಂದು ಹೊರಟುಬಂದೆ. ಅವ್ವನ ಒಂದು ಫೋಟೊ ಕೂಡ ನೆಟ್ಟಗಿಲ್ಲ. ಕ್ಯಾಮೆರಾ ಕಂಡರೆ ಅವಳು ಪೊಲೀಸರ ಮುಂದೆ ನಿಂತವಳ ಹಾಗೆ ಮುಖ ಗಂಟಿಕ್ಕುತ್ತಿದ್ದಳು. ಅವಳದ್ದೆಂದು ನನ್ನ ಹತ್ತಿರ ಉಳಿದದ್ದು ಈ ನಗು ಒಂದೇ. "ನೀ ನಕ್ಕರ ನಿಮ್ಮವ್ವನ ಎದ್ದು ಬಂದಂಗಾಗತೈತಿ" ಎಂದು ಓಣಿಯವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಎಷ್ಟೋ ಸಲ ಅದಕ್ಕೆಂದೇ ನಾನು ಸುಳ್ಳುಸುಳ್ಳೇ ನಕ್ಕಿದ್ದೇನೆ.

ವಾರಿಜಕ್ಕನ ಮನೆಯಲ್ಲಿ ನನಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು. ಬೇಕಾದಾಗ ಏಳುವುದು, ತೆಂಗಿನಹಾಲು ಬೆಲ್ಲ ಕಲಸಿ ನೀರುದೋಸೆ ತಿನ್ನುವುದು, ಎರಡು ಮರಗಳ ನಡುವೆ ಹಳೆಯ ಮೀನುಬಲೆಯಿಂದ ಕಟ್ಟಿದ ಜೋಲಿಯಲ್ಲಿ ಮಲಗಿ ಸಮುದ್ರ ನೋಡುವುದು. ಸಂಜೆಗೆ ಜೀಗುಜ್ಜೆಯ ಹೋಳುಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಪೋಡಿ. ಜೀಗುಜ್ಜೆ ಎಂಬುದು ಹಲಸಿನ ತಮ್ಮನಂಥ ಕಾಯಿ, ನಮ್ಮ ಕಡೆ ಕಂಡದ್ದಿಲ್ಲ. ಬಗ್ಗಿ ಬಗ್ಗಿ ಹೊಲಿದು ಗೂನಾಗಿದ್ದ ಬೆನ್ನು ನೆಟ್ಟಗಾಯಿತು. ವಾರಕ್ಕೊಮ್ಮೆ ಮೋನಪ್ಪನ ಲಾಂಚು ಬಂದಾಗ ಮುಂದಿನ ವಾರ ಹೋದರಾಯಿತು ಎಂದುಕೊಳ್ಳುತ್ತಿದ್ದೆ. ವಾರಿಜಕ್ಕನೂ ಹೋಗಿ ಎಂದವಳಲ್ಲ.

ಅವಳು ಮಾತು ಕಡಿಮೆಯವಳು. ನಗುವುದಂತೂ ಇಲ್ಲವೇ ಇಲ್ಲ. ನಾನು ಏನಾದರೂ ತಮಾಷೆ ಮಾಡಿದರೆ ತಲೆ ತಗ್ಗಿಸಿ ಪಾತ್ರೆ ಉಜ್ಜತೊಡಗುತ್ತಿದ್ದಳು. ಗೋಡೆಯ ಮೇಲೆ ಎರಡು ಜಡೆಯ ಒಂದು ಪುಟ್ಟ ಹುಡುಗಿಯ ಫೋಟೊ ಇತ್ತು. ಕೇಳಿದಾಗ, "ಮಗಳು, ಚಿತ್ರಾ. ಜ್ವರ ಬಂತು, ಲಾಂಚು ಬರ್ಲಿಲ್ಲ" ಎಂದಳು. ಅಷ್ಟೇ. ದುಃಖ ಇವಳ ನಗುವನ್ನು ತಿಂದುಹಾಕಿದೆ ಎಂದು ನಾನು ಕನಿಕರಪಟ್ಟೆ.

ಆ ಊರಲ್ಲಿ ಒಂದು ಪದ್ಧತಿ ನೋಡಿದೆ. ಎದುರುಮನೆಯಲ್ಲಿ ಒಬ್ಬಳು ಮುದುಕಿ ಇದ್ದಳು, ಗಂಡ ಸತ್ತು ಬಹಳ ಕಾಲವಾಗಿತ್ತು. ಒಂದು ಬೆಳಿಗ್ಗೆ ಐಸ್ ಕಾರ್ಖಾನೆಯ ಹುಡುಗನೊಬ್ಬ ಬಂದು, ಮೆಟ್ಟಿಲ ಬಳಿ ಕಾಲು ತೊಳೆದು, ಜಗಲಿಯ ಮೇಲೆ ನಿಂತು, "ಬಂದಿದ್ದಾರೆ ಅಜ್ಜೀ" ಎಂದ. ಮುದುಕಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಕೂತಳು. ಅವನು ನೆಲ ನೋಡುತ್ತ ನಕ್ಕ. ಹಲ್ಲಿಲ್ಲದ, ಕಫ ಕಟ್ಟಿದ, ಎಂಬತ್ತು ವರ್ಷದ ಮುದುಕನ ನಗು. ಮುದುಕಿ ಕಣ್ಣು ಮುಚ್ಚಿಕೊಂಡು ಕೊನೆಯ ತನಕ ಕೇಳಿ, ಒಂದು ಎಳನೀರು ಕೆತ್ತಿಸಿ ಕೊಟ್ಟು ಕಳಿಸಿದಳು. ಅಣಕು ಮಾಡುವುದನ್ನೂ ಒಂದು ವ್ರತ ಮಾಡಿಕೊಂಡಿದ್ದಾರಲ್ಲ ಎಂದು ನಾನು ಜೋಲಿಯಲ್ಲಿ ಮಗ್ಗುಲು ಬದಲಿಸಿದೆ.

ಆಮೇಲೆ ಮೋನಪ್ಪ ಬಿದ್ದ. ಆಚೆ ದಡದಲ್ಲಿ ಯಾರದೋ ಮದುವೆಗೆಂದು ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಬಂದವನು ಜೆಟ್ಟಿಯ ಹಲಗೆಯಿಂದ ಜಾರಿ ಕೆಸರಿನಲ್ಲಿ ಕೂತ. ಎದ್ದ, ಅಂಗಿ ಕೊಡವಿಕೊಂಡ, ಗಂಭೀರವಾಗಿ ಹೆಜ್ಜೆ ಇಟ್ಟ, ಮತ್ತೆ ಕೂತ. ಇಳಿತದ ಹೊತ್ತು, ಚಿಪ್ಪು ಆರಿಸಲು ಬಂದ ಊರೆಲ್ಲ ಅಲ್ಲೇ ಇತ್ತು. ಎಲ್ಲರೂ ನಗತೊಡಗಿದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ವಾರಿಜಕ್ಕ ನನ್ನ ಎರಡೂ ಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅವಳೂ ನಗುತ್ತಿದ್ದಳು. ಕಣ್ಣಿಗೆ ಕಣ್ಣಿಟ್ಟು, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಗದ್ದಲದ ನಡುವೆ ತೀರ ಹತ್ತಿರದಲ್ಲಿ ಒಂದು ಕೂಸು ಕಿಲಕಿಲ ಎನ್ನುತ್ತಿತ್ತು. ಯಾವ ಕೂಸು ಎಂದು ಸುತ್ತ ನೋಡಿದೆ, ನೋಡುತ್ತ ನಗುತ್ತ ಇನ್ನೂ ಎಷ್ಟೋ ಜನರ ಮುಖ ನೋಡಿದೆ, ಯಾರ ಮೇಲೂ ಕಣ್ಣು ನಿಲ್ಲಲಿಲ್ಲ. ಆ ಸಂಜೆ ಊರಿಗೇ ಸುಸ್ತಾಗಿತ್ತು.

ಮರುದಿನ ಒಂದು ಕಾಗೆ ನನ್ನ ತಟ್ಟೆಯಿಂದ ದೋಸೆ ಎತ್ತಿಕೊಂಡು ಹಾರಿತು. ದೋಸೆ ಅದರ ಮುಖಕ್ಕೇ ಸುತ್ತಿಕೊಂಡು, ದಾರಿ ಕಾಣದೆ ತೆಂಗಿನ ಮರಕ್ಕೆ ಡಿಕ್ಕಿ ಹೊಡೆಯಿತು. ನಾನು ನಕ್ಕೆ. ಭುಜ ಕುಣಿಯಲಿಲ್ಲ, ಮೂಗು ಸದ್ದು ಮಾಡಲಿಲ್ಲ. ನನ್ನ ಗಂಟಲಿನಿಂದ ನಾಲ್ಕು ವರ್ಷದ ಹುಡುಗಿಯೊಬ್ಬಳು ಕಿಲಕಿಲ ನಕ್ಕಳು. ನಡುವೆ ಒಂದು ಬಿಕ್ಕಳಿಕೆ, ಮತ್ತೆ ಕಿಲಕಿಲ. ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ವಾರಿಜಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. "ಇನ್ನೂ ಸ್ವಲ್ಪ ನಗಿ" ಎಂದಳು.

ನಾನು ಫಿಲಿಪ್ಪಣ್ಣನ ಅಂಗಡಿಗೆ ಓಡಿದೆ. ಅವನು ಬಸ್ಸಿನ ಹೊತ್ತು ಹೇಳುವವನಂತೆ ಎಲ್ಲ ಹೇಳಿದ. "ಇಬ್ರು ಕಣ್ಣು ಕಣ್ಣು ನೋಡ್ಕೊಂಡು ಒಟ್ಟಿಗೆ ನಕ್ರೆ ಅದಲು ಬದಲು ಆಗ್ತದೆ. ಅದ್ರಲ್ಲಿ ಎಂತ ಉಂಟು? ನಂದು ಈಗ ಪೋಸ್ಟ್‌ಮ್ಯಾನ್ ಹತ್ರ ಉಂಟು. ನನ್ನ ಬಾಯಲ್ಲಿರುವುದು ನಮ್ಮ ಶಾಲೆ ಹೆಡ್‌ಮಾಸ್ಟ್ರದ್ದು, ಸತ್ತು ಎಷ್ಟೋ ಕಾಲ ಆಯ್ತು. ಸತ್ತವರದ್ದು ಸಿಕ್ಕಿದ್ರೆ ಅವರ ಮನೆಗೆ ಹೋಗಿ ಒಮ್ಮೆ ನಕ್ಕು ಬರ್ಬೇಕು, ಅಷ್ಟೇ."

"ನಮ್ಮವ್ವನ ನಗಿ ಎಲ್ಲಿ ಹೋತು?"

"ನಿನ್ನೆ ಎಷ್ಟು ಜನರ ಮುಖ ನೋಡಿದ್ದೀರಿ? ಅವರಲ್ಲಿ ಯಾರತ್ರಾದ್ರೂ ಇರ್ತದೆ. ಆದ್ರೆ ಒಂದು, ಅದು ಸಿಗುವ ಮೊದ್ಲು ಲಾಂಚು ಹತ್ಬೇಡಿ. ನೀರು ದಾಟಿದ್ರೆ ಬಾಯಲ್ಲಿದ್ದದ್ದು ನಿಮ್ಮೊಟ್ಟಿಗೇ ಹೋಗ್ತದೆ. ಇಲ್ಲಿ ಉಳಿದದ್ದು ಇಲ್ಲೇ."

ನನಗೆ ಅಳು ಬಂತು. ಅವ್ವನನ್ನು ಸುಡುಗಾಡಿಗೆ ಕಳಿಸಿದ ದಿನವೂ ಅಷ್ಟು ಅತ್ತಿರಲಿಲ್ಲ. ಆ ಊರಿನವರು ಒಳ್ಳೆಯವರು, ಅದನ್ನು ಹೇಳಲೇಬೇಕು. ಹುಡುಕೋಣ ಬಿಡಿ ಎಂದು ಒಬ್ಬೊಬ್ಬರಾಗಿ ವಾರಿಜಕ್ಕನ ಜಗಲಿಗೆ ಬಂದು, ನನ್ನ ಕಣ್ಣು ತಪ್ಪಿಸಿ ನೆಲ ನೋಡುತ್ತ, ನಕ್ಕು ತೋರಿಸಿದರು. ಮೀನು ಮಾರುವ ಗಟ್ಟಿಗಿತ್ತಿಯ ಬಾಯಲ್ಲಿ ನಾಚಿಕೆಯ ಮದುಮಗಳು ನಕ್ಕಳು. ಸಣ್ಣ ಹುಡುಗಿಯೊಬ್ಬಳ ಬಾಯಲ್ಲಿ ಕುಡುಕ ನಕ್ಕ. ಮದುವೆಗೆ ಹೋಗುವುದು ತಪ್ಪಿದ ಸಿಟ್ಟಿನಲ್ಲಿದ್ದ ಮೋನಪ್ಪನೂ ಬಂದು ಯಾವಳೋ ಅಜ್ಜಿಯ ನಗು ನಕ್ಕು ಹೋದ. ತೀರಿಕೊಂಡವರ ಮನೆಯವರು ಗುರುತು ಹಿಡಿದು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಸತ್ತವರೆಲ್ಲ ಸಾಲಾಗಿ ಬಂದು ನನ್ನ ಮುಂದೆ ನಕ್ಕು ಹೋದ ಹಾಗಾಯಿತು. ಅವರಲ್ಲಿ ನನ್ನ ಅವ್ವ ಮಾತ್ರ ಇರಲಿಲ್ಲ. ಬಂದವರಿಗೆಲ್ಲ ಲಿಂಬೆಹಣ್ಣಿನ ಶರಬತ್ತು ಕೊಟ್ಟು ಉಪಚರಿಸುತ್ತಿದ್ದವಳು ವಾರಿಜಕ್ಕ. ಅವಳ ತುಟಿ ಬಿಗಿದೇ ಇತ್ತು.

ಅಲ್ಲಿಂದ ನನ್ನ ವಿಶ್ರಾಂತಿ ಮುಗಿಯಿತು. ನನ್ನ ಬಾಯಲ್ಲಿದ್ದದ್ದು ಚಿತ್ರಾಳ ನಗು ಎಂದು ಬೇರೆ ಹೇಳಬೇಕಿಲ್ಲ. ವಾರಿಜಕ್ಕ ಹೊತ್ತು ಮೂಡಿದಾಗಿನಿಂದ ನನ್ನನ್ನು ನಗಿಸಲು ನಿಲ್ಲುತ್ತಿದ್ದಳು. ತಲೆಯ ಮೇಲೆ ಚರಿಗೆ ಕವುಚಿಕೊಳ್ಳುವಳು, ಮೇಕೆಯ ಹಾಗೆ ಕೂಗುವಳು, ತಾನು ಮಾತ್ರ ಕಲ್ಲಿನ ಮುಖ ಮಾಡಿಕೊಂಡಿರುವಳು. ನಾನು ನಕ್ಕ ಕೂಡಲೇ ಮೊಣಕಾಲು ಅಪ್ಪಿಕೊಂಡು ಕಣ್ಣು ಮುಚ್ಚಿ ಕೂರುವಳು. ನನ್ನ ದವಡೆ ನೋಯುತ್ತಿತ್ತು. ಸಿಟ್ಟು ಬರುತ್ತಿತ್ತು, ಆ ಮುಖ ನೋಡಿದರೆ ಮತ್ತೆ ನಗುತ್ತಿದ್ದೆ. ಬರಬರುತ್ತ ನನ್ನ ಅನ್ನವನ್ನು ಕಲಸಿ ಮೆತ್ತಗೆ ಮಾಡಿ ಕೊಡತೊಡಗಿದಳು. ಖಾರ ಹಾಕುವುದನ್ನು ಬಿಟ್ಟಳು. ಜೋಲಿಯಲ್ಲಿ ಮಲಗಿದಾಗ ನನ್ನ ನರೆಗೂದಲನ್ನು ಎರಡು ಜಡೆ ಹಾಕಿ ರಿಬ್ಬನ್ನು ಕಟ್ಟಿದಳು. "ಬಿಸಿಲಿಗೆ ಹೋಗ್ಬೇಡ ಮಗಾ" ಎಂದಳು ಒಂದು ದಿನ. ಅವಳಿಗಿಂತ ನಾನು ದೊಡ್ಡವಳು. ಆದರೂ ಹೂಂ ಎಂದೆ.

ಆಮೇಲೊಂದು ಮಧ್ಯಾಹ್ನ ಪೆಟ್ಟಿಗೆಯಿಂದ ಹಳದಿ ಹೂವಿನ ಬಟ್ಟೆ ತೆಗೆದು ನನ್ನ ಮುಂದಿಟ್ಟಳು. ಫ್ರಾಕು ಹೊಲಿಯಬೇಕಂತೆ, ಪಫ್ ತೋಳು, ಹಿಂದೆ ಬೋ ಕಟ್ಟಲು ಪಟ್ಟಿ. "ಅಳತಿ?" ಎಂದೆ. ಅವಳು ಟೇಪು ತಂದು ನನ್ನ ಭುಜಕ್ಕೆ ಹಿಡಿದಳು. ನಾನು ಎದುರಾಡದೆ ಎದೆ ಅಳತೆ, ಸೊಂಟದ ಅಳತೆ ಹೇಳಿದೆ. ಪಕ್ಕದ ಮನೆಯಿಂದ ಮಷೀನು ಬಂತು. ಹೊಲಿದೆ. ಬೋ ಪಟ್ಟಿ ಮಡಚಿ ಹೊಲಿಗೆ ಮುಗಿಸುವಾಗ ನನ್ನ ಬಾಯಿ ತಾನಾಗಿ ಗುನುಗುತ್ತಿತ್ತು. ಮೂವತ್ತು ವರ್ಷದಿಂದ ಊರ ಹೆಂಗಸರಿಗೆ ಹೊಲಿದವಳು ನಾನು, ನನ್ನ ಮೈಗೆ ನಾನೇ ಕೂಸಿನ ಫ್ರಾಕು ಹೊಲಿದು ಎದೆಗೆ ಹಿಡಿದು ಕನ್ನಡಿ ನೋಡುತ್ತಿದ್ದೆ. ಕನ್ನಡಿಯಲ್ಲಿ ಎರಡು ಜಡೆ ಕಂಡಿತು. ಅವತ್ತು ನಾನು ನಿಜವಾಗಿ ಹೆದರಿದೆ. ನಗು ಸಿಗಲಿ ಬಿಡಲಿ, ಬರುವ ಲಾಂಚಿಗೆ ಹೊರಡುವುದು ಎಂದು ನಿಶ್ಚಯ ಮಾಡಿದೆ.

ಲಾಂಚು ಬರುವ ದಿನ ಊಟವಾದ ಮೇಲೆ ನಿದ್ದೆ ಬಂದವಳ ಹಾಗೆ ಜೋಲಿಯಲ್ಲಿ ಬಿದ್ದುಕೊಂಡೆ. ವಾರಿಜಕ್ಕ ನನ್ನನ್ನು ಇಣುಕಿ ನೋಡಿ ಹಿತ್ತಲ ಕಡೆ ಹೋದಳು. ಚೀಲ ತುಂಬಿಕೊಳ್ಳಲು ಒಳಗೆ ಬಂದೆ. ಹಿತ್ತಿಲಿನಲ್ಲಿ ಅವ್ವ ನಗುತ್ತಿದ್ದಳು.

ಮೂಗಿನ ಗೊರಕೆ, ಹರಿದ ಚೀಲ, ಕೊನೆಯ ಆ ಉದ್ದನೆಯ ಹೂಂ. "ಅವ್ವಾ" ಎಂದು ಕೂಗಿಯೇಬಿಟ್ಟೆ. ಆಮೇಲೆ ಬುದ್ಧಿ ಬಂದು ಹಿತ್ತಲಿಗೆ ಓಡಿದರೆ, ಸೌದೆ ಇಡುವ ಮಾಡಿನ ಕೆಳಗೆ ವಾರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಬ್ಬಳೇ ಕೂತಿದ್ದಳು. ತಡೆದು ತಡೆದು ಇಟ್ಟುಕೊಂಡ ನಗುವನ್ನು ಅಲ್ಲಿ ಬಿಡುತ್ತಿದ್ದಳು.

"ನಿನ್ನ ಹತ್ರ ಐತಿ!" ಎಂದೆ. ಬಹುವಚನ ಎಲ್ಲಿ ಹೋಯಿತೋ. "ಊರ ಮಂದೀನೆಲ್ಲ ಕರಸಿ ನಗಿಸಿದಿ, ಶರಬತ್ತು ಕೊಟ್ಟಿ, ನಿನ್ನ ಬಾಯಾಗ ಇಟಗೊಂಡು ಸುಮ್ನ ನಿಂತಿದ್ದಿ!"

ಅವಳು ಸುಳ್ಳು ಹೇಳಲಿಲ್ಲ. "ಅವತ್ತು ಜೆಟ್ಟಿಯಲ್ಲಿ ನಾನೇ ಬೇಕಂತ ನಿಮ್ಮ ಕೈ ಹಿಡ್ದದ್ದು" ಎಂದಳು. "ಚಿತ್ರಾ ಮೊದ್ಲು ಯಾರ್ಯಾರದ್ದೋ ಬಾಯಲ್ಲಿ ಇದ್ಲು. ಒಬ್ರು ಬಂದು ಜಗಲಿಯಲ್ಲಿ ನಕ್ಕು ಹೋಗ್ತಿದ್ರು, ನಾಳೆ ಇನ್ನೆಲ್ಲೋ. ಗಡ್ಡದವರೆಲ್ಲ ಅವಳ ನಗು ನಗ್ಲಿಕ್ಕೆ ನಾಚ್ತಿದ್ರು. ಕೊನೆಗೆ ನನ್ನ ಬಾಯಿಗೇ ಬಂದ್ಲು. ಯಾರಿಗೂ ಕೊಡ್ಬಾರ್ದು ಅಂತ ಯಾರ ಮುಖ ನೋಡಿಯೂ ನಗದೆ ಇಟ್ಕೊಂಡೆ. ಆದ್ರೆ ನನ್ನ ಬಾಯಲ್ಲಿ ಇದ್ದಾಗ ಅವಳು ನನಗೆ ಕೇಳ್ತಾನೇ ಇರ್ಲಿಲ್ಲ ಕಸ್ತೂರಕ್ಕ. ಗಂಟಲಲ್ಲಿ ಎಂತದೋ ಅಲುಗಿದ ಹಾಗೆ, ಅಷ್ಟೇ. ಎದುರಿನಿಂದ ಕೇಳ್ಬೇಕು. ನಿಮಗೆ ಇಲ್ಲಿ ಯಾರೂ ಇಲ್ಲ, ನೀವು ಯಾರೊಟ್ಟಿಗೂ ನಗುವವರಲ್ಲ, ಅದಕ್ಕೆ..."

"ನೆವ ಹೇಳಬ್ಯಾಡ. ಲಾಂಚ್ ಬರೂದ್ರಾಗ ನನ್ನ ಮುಂದ ಕೂತು ನಗತೀಯೋ, ಇಲ್ಲಾ ನಿನ್ನ ಮಗಳನ್ನ ಕರಕೊಂಡು ನೀರು ದಾಟಲೋ?"

ಹೇಳಿದ ಮೇಲೆ ನನಗೇ ಭಯವಾಯಿತು. ಅವಳು ಎದ್ದು ಒಳಗೆ ಬಂದು ಅಡುಗೆಮನೆಯ ನೆಲದ ಮೇಲೆ ನನ್ನ ಎದುರು ಕೂತು ಎರಡೂ ಕೈ ಹಿಡಿದುಕೊಂಡಳು. "ಸರಿ, ತಕ್ಕೊಳ್ಳಿ. ಅವಳು ನನ್ನ ಬಾಯಲ್ಲಾದ್ರೂ ಊರಲ್ಲೇ ಇರ್ತಾಳಲ್ಲ" ಎಂದಳು. ನಗಲು ನೋಡಿದಳು, ಬರಲಿಲ್ಲ, ಅಳು ಬಂತು. ನಾನು ಅವಳ ಕಣ್ಣು ಬಿಡದೆ ನೋಡುತ್ತ ಕಾದೆ. ಜೆಟ್ಟಿಯಲ್ಲಿ ಲಾಂಚಿನ ಹಾರ್ನು ಕೇಳಿಸಿತು. ಹಿಂದೆಯೇ ಮೋನಪ್ಪನ ಗಂಟಲು: "ಬರುವವರು ಬನ್ನಿ ಮಾರಾಯ್ರೇ! ಇವತ್ತು ನಾನು ಕಪ್ಪು ಪ್ಯಾಂಟೇ ಹಾಕಿದ್ದು, ನೋಡ್ಲಿಕ್ಕೆ ಎಂತದೂ ಇಲ್ಲ!"

ವಾರಿಜಕ್ಕನ ಭುಜ ಕುಣಿಯಿತು. ಸದ್ದಿಲ್ಲದೆ, ಮೊದಲು ಎಡದ್ದು, ಆಮೇಲೆ ಎರಡೂ. ಅವ್ವನ ಭುಜವೂ ಹಾಗೆಯೇ ಎಡದಿಂದ ಕುಣಿಯುತ್ತಿತ್ತು. ನನಗೆ ಅದು ಮರೆತೇ ಹೋಗಿತ್ತು. ಮೂಗು ಸದ್ದು ಮಾಡಿತು. ಕಣ್ಣೀರು ಇಳಿಯುತ್ತಿದ್ದ ಆ ಮುಖ ಹಿಂದಕ್ಕೆ ವಾಲಿ, ಬಾಯಿ ತೆರೆದು, ಅವ್ವ ನಕ್ಕಳು. ನಡುಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತ ನಗುತ್ತಿದ್ದ ಅವ್ವ. ನನ್ನ ಗಂಟಲಲ್ಲಿ ಕೂಸಿನ ನಗು ಕಚಗುಳಿ ಇಡುತ್ತಿತ್ತು. ಬಾಯಿ ತೆರೆದರೆ ಸಾಕಿತ್ತು, ಎಲ್ಲ ನನ್ನದಾಗುತ್ತಿತ್ತು, ಲಾಂಚು ಹತ್ತಿ ಊರಿಗೆ ಹೋಗಬಹುದಿತ್ತು.

ನಾನು ತುಟಿ ಬಿಗಿದುಕೊಂಡೆ. ಅವ್ವ ಸತ್ತಂದಿನಿಂದ ನಾನು ಅವಳ ನಗುವನ್ನು ನಕ್ಕಿದ್ದೆ, ಕೇಳಿರಲಿಲ್ಲ. ಕೇಳಿಸಿದ್ದೆಲ್ಲ ಓಣಿಯವರಿಗೆ. ಕಣ್ಣು ಒರೆಸಿಕೊಂಡದ್ದೂ ಅವರೇ. ನನ್ನ ಪಾಲಿಗೆ ಗಂಟಲಲ್ಲಿ ಎಂತದೋ ಅಲುಗಿದ್ದಷ್ಟೇ. ಈಗ ಕೇಳುತ್ತಿದ್ದೆ.

ಕೊನೆಯ ಹೂಂ ಬಂದು ನಿಂತಿತು. "ನೀವು ಯಾಕೆ ನಗ್ಲಿಲ್ಲ?" ಎಂದು ವಾರಿಜಕ್ಕ ಕೇಳಿದಳು.

"ಅವ್ವ ನಗಾಕತ್ತಾಗ ನಾ ನಡುವ ಬಾಯಿ ಹಾಕಿದಾಕಿ ಅಲ್ಲರೀ" ಎಂದೆ.

ಲಾಂಚು ಹೋದ ಸದ್ದನ್ನು ಇಬ್ಬರೂ ಕೇಳಿದೆವು. ಹಿಂದಿನ ವಾರವೂ ಅದು ಬಂದು ಹೋಗಿತ್ತು, ಮುಂದಿನ ವಾರವೂ ಬಂತು. ಗದಗಿನ ಅಂಗಡಿಯ ಬೀಗ ತುಕ್ಕು ಹಿಡಿದಿದ್ದೀತು. ಇಲ್ಲಿ ನನಗೆ ಗಿರಾಕಿಗಳಿದ್ದಾರೆ, ಮಧ್ಯಾಹ್ನಕ್ಕೆ ಜೋಲಿ ಇದೆ, ಊಟಕ್ಕೆ ಮತ್ತೆ ಖಾರ ಬೀಳುತ್ತಿದೆ. ಸಂಜೆ ಕೆಲಸ ಮುಗಿದ ಮೇಲೆ ಎದುರುಬದುರು ಕೂತು ಒಬ್ಬರ ನಂತರ ಒಬ್ಬರು ನಗುತ್ತೇವೆ. ನಗುವವರು ನೆಲ ನೋಡಬೇಕು, ಕೇಳುವವರು ಕಣ್ಣು ಮುಚ್ಚಬೇಕು. ಮಾರುಕಟ್ಟೆಗೆ ಹೋದರೆ ಇಬ್ಬರೂ ತಲೆ ಎತ್ತುವುದಿಲ್ಲ. ನಮಗೆ ಬಹಳ ಜಂಬ ಎಂದು ಊರಲ್ಲಿ ಆಡಿಕೊಳ್ಳುತ್ತಾರಂತೆ.

ನಿನ್ನೆ ಮಾತ್ರ ಕೆಟ್ಟೇ ಹೋಗುತ್ತಿತ್ತು. ಫಿಲಿಪ್ಪಣ್ಣ ಹೊಸದಾಗಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ತೋರಿಸಲು ಬಂದವನು ಒಲೆಯ ಮುಂದೆ ಸೀನಿದ. ಹಲ್ಲೆಲ್ಲ ಹೋಗಿ ಸಾರಿನ ಪಾತ್ರೆಯಲ್ಲಿ ಬಿತ್ತು. ಅವನು ಸೌಟು ಹಿಡಿದು ಹುಡುಕತೊಡಗಿದ. ವಾರಿಜಕ್ಕನ ಎಡ ಭುಜ ಅಲುಗಿದ್ದು ಕಂಡಿತು, ನನ್ನ ಗಂಟಲಿಗೂ ಬಂದಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ, ಬಾವಿಕಟ್ಟೆ ಹಿಡಿದುಕೊಂಡು ಅದು ಇಳಿಯುವ ತನಕ ನಿಂತೆ. ತಿರುಗಿ ಬಂದಾಗ ಒಳಗೆ ಅವ್ವ ಇನ್ನೂ ನಗುತ್ತಿದ್ದಳು. ಅವಳು ಮುಗಿಸಲಿ ಎಂದು ಬಾಗಿಲ ಹೊರಗೇ ಕಾದೆ.